ಮೂರು ಪೆನ್ನಿಯ ಸುಂಕ

ಅಮೆರಿಕದ ಸ್ವಾತಂತ್ರ್ಯ ಸಮರದ ಪಾಠ ಹೇಳುವಾಗಲೆಲ್ಲ ನಾವು ಚಹಾದ ಬಳಿಗೆ ಬಂದು ತಡೆದು ನಿಲ್ಲುತ್ತೇವೆ. ವಸಾಹತಿನ ಜನರು ಪ್ರತಿಭಟಿಸಲು, 1765ರ ಸ್ಟಾಂಪು ಕಾಯಿದೆಯನ್ನು ಬ್ರಿಟಿಷ್ ಪಾರ್ಲಿಮೆಂಟು ಮರುವರ್ಷವೇ ಹಿಂತೆಗೆದುಕೊಂಡಿತು. ಜೊತೆಗೇ, ನಿಮಗೆ ಎಂತಹ ಶಾಸನವನ್ನಾದರೂ ವಿಧಿಸುವ ಅಧಿಕಾರ ನಮಗುಂಟೆಂದು ಸಾರಿತು. 1773ರಲ್ಲಿಯಾದರೋ ಚಹಾ ಅಗ್ಗವಾಯಿತು! ಅಗ್ಗದ ಚಹಾವನ್ನು ಬೇಡವೆಂದರೇ ಎಂದು ವಿದ್ಯಾರ್ಥಿಗಳು ನಗುತ್ತಾರೆ. ಪೌಂಡಿಗೆ ಮೂರು ಪೆನ್ನಿಯ ಸುಂಕ ಮಾತ್ರ ಉಳಿದಿತ್ತು. ಅದನ್ನು ಹೇರಿದ ಸಭೆಯಲ್ಲಿ ಅವರ ಪ್ರತಿನಿಧಿ ಒಬ್ಬನೂ ಇರಲಿಲ್ಲ. ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆಗಳ ಚಹಾ ನೀರುಪಾಲಾಯಿತು. ಪಾರ್ಲಿಮೆಂಟು ಬಂದರನ್ನೇ ಮುಚ್ಚಿಸಿತು. ಆಗಲೂ ಹೆಚ್ಚಿನವರು ಬೇಡಿದುದು ಸ್ವಾತಂತ್ರ್ಯವನ್ನಲ್ಲ, ನ್ಯಾಯವನ್ನು. 1775ರ ಅವರ ಮನವಿಯನ್ನು ದೊರೆ ಮೂರನೆಯ ಜಾರ್ಜ್ ಸ್ವೀಕರಿಸಲೇ ಇಲ್ಲ. 1776ರ ಜುಲೈ 4ರ ಘೋಷಣೆಯಲ್ಲಿ ಅವನ ಮೇಲಣ ದೂರುಗಳ ಉದ್ದನೆಯ ಸಾಲಿನಲ್ಲಿ ತೆರಿಗೆಗೆ ದೊರೆತುದು ಒಂದೇ ಒಂದು ಪಂಕ್ತಿ.