ಟೊಮೆಟೊ ಗಾಡಿಗೆ ಕಮಾನು

ನಮ್ಮ ಹೊಸೂರು ಸೀಮೆಯ ಹಳ್ಳಿಗಳಲ್ಲಿ ಎತ್ತಿನ ಗಾಡಿಗೆ ಎರಡು ಜನ್ಮಗಳಿದ್ದವು. ವರ್ಷದ ಬಹುದಿನ ಅದು ಗೊಬ್ಬರ ಹೊರುತ್ತಿತ್ತು, ರಾಗಿ ಹುಲ್ಲು ಹೊರುತ್ತಿತ್ತು. ಜಾತ್ರೆ ಹತ್ತಿರ ಬಂತೆಂದರೆ ಗಾಡಿಯನ್ನು ತೊಳೆದು, ಹುಲ್ಲು ಹಾಸಿ, ಮೇಲೊಂದು ಜಮಖಾನ ಬಿಡಿಸಿ, ಅಟ್ಟದಲ್ಲಿದ್ದ ಬಿದಿರಿನ ಕಮಾನನ್ನು ಇಳಿಸಿ ಕಟ್ಟುತ್ತಿದ್ದರು. ಆಗ ಅದೇ ಗಾಡಿ ಮನೆ. ಮಕ್ಕಳು, ಮುದುಕರು ಕಮಾನಿನೊಳಗೆ ಮಲಗುವರು. ಗಂಡಸರು ಗಾಡಿಯ ಅಡಿಯಲ್ಲಿ. ಪಕ್ಕದಲ್ಲಿ ಮೂರು ಕಲ್ಲಿನ ಒಲೆ. ಜಾತ್ರೆ ಮುಗಿದ ಮೇಲೆ ಕಮಾನು ಅಟ್ಟಕ್ಕೆ, ಗಾಡಿ ಗೊಬ್ಬರಕ್ಕೆ.

ಇಂದಿನವರು ಇದಕ್ಕೆ ಕ್ಯಾರವಾನ್ ಎಂದೂ ಕ್ಯಾಂಪರ್ ಎಂದೂ ಹೆಸರಿಟ್ಟು ಹೊಸದೆಂಬಂತೆ ನೋಡುತ್ತಾರೆ. ಕೇರಳ ಸರಕಾರ 2021ರಲ್ಲಿ 'ಕೆರವಾನ್ ಕೇರಳ' ಎಂಬ ಯೋಜನೆಯನ್ನೇ ಹೊರಡಿಸಿತು. ಜರ್ಮನಿಯ ವೆಸ್ಟ್‌ಫಾಲಿಯಾ ಎಂಬ ಕಂಪನಿ 1951ರಲ್ಲಿ ಫೋಕ್ಸ್‌ವಾಗನ್ ವ್ಯಾನಿಗೆಂದು ಒಂದು 'ಕ್ಯಾಂಪಿಂಗ್ ಬಾಕ್ಸ್' ಮಾಡಿತಂತೆ. ವಾರವೆಲ್ಲ ಸರಕು ಸಾಗಿಸುವ ವ್ಯಾನು, ರಜೆಯ ದಿನ ಪೆಟ್ಟಿಗೆಯನ್ನು ಒಳಗಿಟ್ಟರೆ ಮಲಗುವ ಮನೆ. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಅಜ್ಜಂದಿರ ಅಟ್ಟದಲ್ಲಿ ಇದ್ದುದೂ ಅದೇ ಅಲ್ಲವೇ?

ನನ್ನ ಗಾಡಿ ಎತ್ತಿನದಲ್ಲ, ಅಪ್ಪನ ಮೆಟಡೋರ್. ಹಿಂದೆ ತೆರೆದ ತೊಟ್ಟಿಯಿರುವ ಪಿಕಪ್, 1990ರ ಮಾದರಿ. ಈ ಹೆಸರಿನ ಗಾಡಿಯನ್ನು ಮೊದಲು ಮಾಡಿದವರು ಹ್ಯಾಂಬರ್ಗಿನ ವಿಡಾಲ್ ಕಂಪನಿಯವರು, 1949ರಲ್ಲಿ. ಅವರ ಗಾಡಿಗಳ ಮಾರ್ಕು 'ಟೆಂಪೊ'. ಅವರ ಸಹಯೋಗದಿಂದ ಹುಟ್ಟಿದ ಪುಣೆಯ ಬಜಾಜ್ ಟೆಂಪೊ ಕಂಪನಿ ಮೊದಲು ಮೂರು ಚಕ್ರದ ಗಾಡಿಗಳನ್ನೂ, 1969ರಿಂದ ಮೆಟಡೋರನ್ನೂ ನಮ್ಮ ದೇಶಕ್ಕೆ ಕೊಟ್ಟಿತು. 2005ರಲ್ಲಿ ಆ ಕಂಪನಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಆದರೆ ನಮ್ಮ ಜನ ಇವತ್ತಿಗೂ ಯಾವ ಕಂಪನಿಯ ಸಣ್ಣ ಸರಕು ಗಾಡಿ ಕಂಡರೂ 'ಟೆಂಪೋ' ಎಂದೇ ಕರೆಯುತ್ತಾರೆ. ಬೋರ್ಡಿನಿಂದ ಅಳಿಸಿದ ಹೆಸರು ಬಾಯಲ್ಲಿ ಉಳಿದುಕೊಂಡಿತು.

ಅಪ್ಪ ಅದನ್ನು 1993ರಲ್ಲಿ ಸಾಲ ಮಾಡಿ ಎರಡನೆಯ ಕೈಯಿಂದ ಕೊಂಡರು. ಸಂಜೆ ರಾಯಕೋಟೆಯ ಮಂಡಿಯಲ್ಲಿ ಟೊಮೆಟೊ ತುಂಬಿಸಿ, ಹೊಸೂರು ದಾಟಿ, ನಡುರಾತ್ರಿಯ ಹೊತ್ತಿಗೆ ಬೆಂಗಳೂರಿನ ಕಲಾಸಿಪಾಳ್ಯ ಸೇರುವರು. ಮೆಟಡೋರಿನ ಎಂಜಿನ್ ಡ್ರೈವರನ ಪಕ್ಕದಲ್ಲೇ, ಎರಡು ಸೀಟುಗಳ ನಡುವೆ ಮುಚ್ಚಳದ ಕೆಳಗಿರುತ್ತದೆ. ಬೇಸಗೆಯಲ್ಲಿ ಕಾಲು ಬೇಯುತ್ತದೆ. ಆದರೆ ಅಮ್ಮ ಕಟ್ಟಿಕೊಟ್ಟ ಮುದ್ದೆಯ ಡಬ್ಬಿಯನ್ನು ಅಪ್ಪ ಆ ಮುಚ್ಚಳದ ಮೇಲೆ ಇಟ್ಟುಕೊಂಡಿದ್ದರಿಂದ ಹತ್ತೊಂಬತ್ತು ವರ್ಷ ಬಿಸಿ ಊಟ ಉಂಡರು. ಅದರ ಆದಾಯದಿಂದಲೇ ನಾನು ಬಿ.ಎ. ಓದಿದೆ, ತಮ್ಮ ಐ.ಟಿ.ಐ. ಮುಗಿಸಿದ, ತಂಗಿಯ ಮದುವೆಯಾಯಿತು. 2012ರಲ್ಲಿ ಕಣ್ಣು ಮಂಜಾಗಿ ಸ್ಟಿಯರಿಂಗ್ ಬಿಟ್ಟರು. 2015ರಲ್ಲಿ ತೀರಿಕೊಂಡರು. ಗಾಡಿ ಹಿತ್ತಿಲ ಹುಣಸೆ ಮರದ ಕೆಳಗೆ ನಿಂತಿತು.

ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಹಾಳಾಗುತ್ತದೆ. ಟ್ಯಾಂಕಿನಲ್ಲಿ ನೀರು ಕೂಡಿ ತುಕ್ಕು ಹಿಡಿಯುತ್ತದೆ, ರಬ್ಬರು ಬಿರಿಯುತ್ತದೆ, ಬ್ರೇಕಿನ ಸಿಲಿಂಡರುಗಳು ಕಚ್ಚಿಕೊಳ್ಳುತ್ತವೆ, ವೈರುಗಳನ್ನು ಇಲಿ ಕಡಿಯುತ್ತದೆ. ಕೇಂದ್ರ ಸರಕಾರ 2021ರಲ್ಲಿ ಹಳೆಯ ವಾಹನಗಳ ಗುಜರಿ ನೀತಿಯನ್ನು ತಂದಿತು. 2022ರ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ವಾಹನಗಳ ಶುಲ್ಕ ಏರಿತು. ಕಾರಿನ ನೋಂದಣಿ ನವೀಕರಣ 600 ರೂಪಾಯಿ ಇದ್ದದ್ದು 5,000 ಆಯಿತು. ತಮ್ಮ ಹೇಳಿದ: "ಅಣ್ಣ, ಗುಜರಿಯವ್ನು ಮೂವತ್ತೆಂಟು ಸಾವಿರ ಕೊಡ್ತೀನಿ ಅಂತಾನೆ. ಮಳೆ ಬಿದ್ರೆ ಅದೂ ಇಲ್ಲ. ಅರ್ಧರ್ಧ ತಗೊಳ್ಳೋಣ." ಅವನ ಮಾತು ತಪ್ಪಲ್ಲ. ಅವನಿಗೆ ಇಬ್ಬರು ಮಕ್ಕಳ ಶಾಲೆ ಫೀಸು. ನಾನೂ ಬ್ಯಾಂಕಿನ ಗುಮಾಸ್ತ. ಲೆಕ್ಕ ಹಾಕಿದರೆ ಮಾರುವುದೇ ಸರಿ ಎಂದು ಯಾರಿಗೂ ತಿಳಿಯುತ್ತಿತ್ತು.

ಆಗ ಅಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ ಅಂದರು: "ಅದ್ರಾಗೆ ಟೊಮೆಟೊ ಕುಂತಷ್ಟು ದಿನ ನಾನು ಕುಂತಿಲ್ಲ. ಎಲ್ಲಿಗೋದ್ರೂ ಹಣ್ಣು ಕೊಳೀತವೆ ಅಂತ ನಿಮ್ಮಪ್ಪ ಓಡೋರು. ಒಂದ್ಸಲ ಸಮುದ್ರ ತೋರುಸ್ತೀನಿ ಅಂದಿದ್ರು."

ನಾನು ತಮ್ಮನಿಗೆ ಅವನ ಪಾಲಿನ ಹತ್ತೊಂಬತ್ತು ಸಾವಿರ ಕೊಟ್ಟು ಗಾಡಿಯನ್ನು ಉಳಿಸಿಕೊಂಡೆ.

ಕೆಲಸಕ್ಕೆ ಸಿಕ್ಕವರು ಹೊಸೂರಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಒಬ್ಬ ಮೇಸ್ತ್ರಿ. ಮನೆಮಾತು ತೆಲುಗು, ನನ್ನೊಡನೆ ತಮಿಳು, ಅಮ್ಮನೊಡನೆ ಕನ್ನಡ. ನನಗೆ ಬಿಡುವು ಭಾನುವಾರ, ಮತ್ತೆ ಎರಡನೆಯ, ನಾಲ್ಕನೆಯ ಶನಿವಾರ. ಹೀಗೆ ಹದಿನಾಲ್ಕು ತಿಂಗಳು ಹಿಡಿಯಿತು. ಮೊದಲ ದಿನವೇ ಬ್ಯಾಟರಿ ತಂದು ಸ್ಟಾರ್ಟ್ ಮಾಡೋಣವೇ ಎಂದು ಕೇಳಿದಾಗ ಅವರು ನನ್ನ ಕೈ ಹಿಡಿದರು. ನಾಝಲ್ ಬಿಚ್ಚಿ ನಾಲ್ಕು ಸಿಲಿಂಡರಿಗೂ ಎಣ್ಣೆ ಬಿಟ್ಟು ಒಂದು ವಾರ ಹಾಗೇ ಇಟ್ಟರು. ಆಮೇಲೆ ಪಾನಾ ಹಾಕಿ ಕೈಯಲ್ಲೇ ತಿರುಗಿಸಿದರು. ಮೊದಲು ಒಂದು ಬೆರಳಷ್ಟು, ಆಮೇಲೆ ಕಾಲು ಸುತ್ತು, ಕೊನೆಗೆ ಪೂರ್ತಿ. ಎಂಜಿನ್ ಬೆನ್ಜ್ ವಿನ್ಯಾಸದ್ದು. ಅದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಗಾಳಿ, ಡೀಸೆಲ್, ಒತ್ತಡ ಸರಿಯಿದ್ದರೆ ಹೊತ್ತಿಕೊಳ್ಳಲೇಬೇಕು ಎಂಬುದು ಮೇಸ್ತ್ರಿಯವರ ಮಾತು. ಹೀಟರ್ ಪ್ಲಗ್ಗುಗಳು, ಬ್ರೇಕಿನ ಕಿಟ್, ಹೋಸುಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿದವು. ಡೀಸೆಲ್ ಪಂಪನ್ನು ಕೃಷ್ಣಗಿರಿಯಲ್ಲೇ ಬಿಚ್ಚಿಸಿ ಹೊಂದಿಸಿದೆವು. ತೊಟ್ಟಿಯ ತಳ ಟೊಮೆಟೊ ರಸ ಕುಡಿದು ಕುಡಿದು ಜರಡಿಯಾಗಿತ್ತು. ಅದನ್ನು ಕತ್ತರಿಸಿ ಹೊಸ ತಗಡು ಬೆಸೆದೆವು.

ಗಾಡಿಯ ಹಣೆಯ ಮೇಲೆ ಅಪ್ಪ ಕನ್ನಡದಲ್ಲಿ 'ಶ್ರೀ ಚಂದ್ರಚೂಡೇಶ್ವರ ಪ್ರಸನ್ನ' ಎಂದು ಬರೆಸಿದ್ದರು. ಹೊಸೂರಿನ ಬೆಟ್ಟದ ದೇವರ ಹೆಸರು. ಬಿಸಿಲಿಗೆ ಅದು ಹಾರಿಹೋಗಿ, ಮೇಲೆ ಎರಡು ಸಲ ಬಣ್ಣ ಬಿದ್ದಿತ್ತು. ಪೇಂಟರನಿಗೆ ಹೇಳಿದರೆ ಆತ, "ಸಾರ್, ತಮಿಳಾದರೆ ಬರೆಯುತ್ತೇನೆ, ಇಂಗ್ಲಿಷಾದರೆ ಸ್ಟಿಕ್ಕರ್ ಹೊಡೆಸಿ. ಕನ್ನಡ ಬರೆಯುತ್ತಿದ್ದವರು ನಮ್ಮಪ್ಪ" ಎಂದ. ನನ್ನ ಮಗಳು ಆಗ ಎಂಟನೆಯ ತರಗತಿ. ತಮಿಳುನಾಡಿನ 2006ರ ಕಾಯ್ದೆಯ ನಂತರ ಶಾಲೆಗಳಲ್ಲಿ ತಮಿಳು ಕಡ್ಡಾಯ ಪಾಠವಾಯಿತು. ಅವಳ ತಮಿಳು ನನ್ನದಕ್ಕಿಂತ ಚೆನ್ನಾಗಿದೆ, ಅದರಲ್ಲಿ ನನಗೆ ಸಂತೋಷವೇ. ಕನ್ನಡ ಅಕ್ಷರವನ್ನು ಮನೆಯಲ್ಲಿ ನಾನೇ ಕಲಿಸಿದ್ದು. ಕಲಿತಳು, ಆದರೆ ಅದನ್ನು ಬಳಸುವ ಜಾಗ ಊರಿನಲ್ಲಿ ಇರಲಿಲ್ಲ. ಅಂದು ಅವಳು ಮರಳು ಕಾಗದ ಹಿಡಿದು ಹಣೆಯ ಬಣ್ಣ ಉಜ್ಜುತ್ತಿದ್ದಳು. "ಅಪ್ಪಾ, ಒಳಗೆ ಅಕ್ಷರ ಇದೆ!" ಎಂದು ಕೂಗಿದಳು. ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಹಳದಿಯಲ್ಲಿ ಆ ಹಳೆಯ ಬರಹದ ನೆರಳು. ಪ್ರೈಮರ್ ಬೀಳುವ ಮೊದಲೇ ಎಣ್ಣೆ ಕಾಗದವನ್ನು ಅದರ ಮೇಲಿಟ್ಟು ಒಂದೊಂದು ಕೊಂಬು, ಒಂದೊಂದು ಒತ್ತನ್ನೂ ಪೆನ್ಸಿಲಿನಲ್ಲಿ ಎತ್ತಿಕೊಂಡಳು. ಪೇಂಟರ್ ಆ ಗೆರೆಯ ಮೇಲೆಯೇ ಕುಂಚ ಆಡಿಸಿದ. ದೀರ್ಘದ ಕೊಂಬಿನ ತಿರುವು ಕಂಡು, "ಇದು ನಮ್ಮಪ್ಪನ ಕೈಯೇ ಇರಬೇಕು" ಎಂದ. ಇದ್ದರೂ ಇರಬಹುದು.

ಇನ್ನು ಕಮಾನು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ರೂಪವನ್ನು ನಮ್ಮಿಷ್ಟಕ್ಕೆ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನು ಮತ್ತೆ ಬಿಗಿಯಾಗಿ ಹೇಳಿತು. ಆದ್ದರಿಂದ ಗಾಡಿಯನ್ನು ಮುಟ್ಟದೆ, ಎತ್ತಿಡಬಹುದಾದ ಒಂದು ಪೆಟ್ಟಿಗೆ ಮಾಡಿಸಿದೆ. ಬೇವಿನ ಚೌಕಟ್ಟು, ಪ್ಲೈವುಡ್ ಗೋಡೆ, ಮೇಲೆ ಅಲ್ಯೂಮಿನಿಯಂ ತಗಡು. ಒಳಗೆ ಇಬ್ಬರು ಮಲಗುವ ಹಲಗೆ, ಅದರಡಿಯಲ್ಲಿ ಪಾತ್ರೆ, ಎರಡು ಸೊಳ್ಳೆಪರದೆಯ ಕಿಟಕಿ, ಒಂದು ಚಿಕ್ಕ ದೀಪ. ಒಲೆ ಮಾತ್ರ ಹೊರಗೆ. ನಾಲ್ಕು ಜನ ಸೇರಿದರೆ ಎತ್ತಿಡಬಹುದು, ನಾಲ್ಕು ಮೂಲೆಗೆ ಬಿಗಿದು ಕಟ್ಟಬಹುದು. ಓಡುವಾಗ ಅದರೊಳಗೆ ಯಾರೂ ಕೂರುವುದಿಲ್ಲ. ಎಫ್.ಸಿ.ಗೆ ಬರೀ ಗಾಡಿ ಹೋಗಿ ಪಾಸಾಗಿ ಬಂತು.

2023ರ ಡಿಸೆಂಬರ್ ರಜೆಯಲ್ಲಿ ಹೊರಟೆವು. ಕ್ಯಾಬಿನ್ನಿನಲ್ಲಿ ಮೂವರಿಗಷ್ಟೇ ಜಾಗ: ಅಮ್ಮ, ಮಗಳು, ನಾನು. ಹೆಂಡತಿ ಡಬ್ಬಿ ಕಟ್ಟಿಕೊಟ್ಟು, "ಮುಂದಿನ ಸಲ ನನ್ನ ಸರದಿ" ಎಂದು ಬರೆದಿಟ್ಟುಕೊಳ್ಳಲು ಹೇಳಿದಳು. ಆನೇಕಲ್, ಹಾರೋಹಳ್ಳಿ, ಬಿಡದಿ, ಮೈಸೂರು, ಹುಣಸೂರು. ಗಂಟೆಗೆ ನಲವತ್ತೈದಕ್ಕಿಂತ ಹೆಚ್ಚಿಲ್ಲ. ರಾತ್ರಿ ಲಾರಿಗಳು ನಿಲ್ಲುವ ಪೆಟ್ರೋಲ್ ಬಂಕಿನಲ್ಲೇ ಬಿಡಾರ. ನೀರು, ಬೆಳಕು, ನಾಲ್ಕು ಜನರ ಕಣ್ಣು ಅಲ್ಲಿರುತ್ತವೆ. ಅಜ್ಜಿ, ಮೊಮ್ಮಗಳು ಪೆಟ್ಟಿಗೆಯಲ್ಲಿ; ನಾನು ಅಪ್ಪನಂತೆ ಸೀಟಿನ ಮೇಲೆ ಮೊಣಕಾಲು ಮಡಚಿ. ಮೆಟಡೋರನ್ನು ಎಳೆಯುವುದು ಮುಂದಿನ ಚಕ್ರ. ಹಿಂದೆ ಭಾರವಾದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಸುಮ್ಮನೆ ಸುತ್ತುತ್ತದೆ. ಮಡಿಕೇರಿಯ ಏರಿನಲ್ಲಿ ನೀರಿನ ಕ್ಯಾನುಗಳನ್ನೆಲ್ಲ ಕ್ಯಾಬಿನ್ನಿಗೆ ತಂದು ಕಾಲಡಿಗೆ ಇಟ್ಟುಕೊಂಡೆವು. ಅಪ್ಪ ಮೂಟೆಗಳನ್ನು ಮುಂದಕ್ಕೆ ಒತ್ತಿ ಪೇರಿಸುತ್ತಿದ್ದುದು ಏಕೆಂದು ಆಗ ತಿಳಿಯಿತು. ಸಂಪಾಜೆಯ ಇಳಿಜಾರನ್ನು ಎರಡನೆಯ ಗೇರಿನಲ್ಲೇ ಇಳಿದು, ಸುಳ್ಯ, ಜಾಲ್ಸೂರು ದಾಟಿ ನಿಮ್ಮ ನಾಡಿಗೆ ಬಂದೆವು.

ಮುಳ್ಳೇರಿಯದ ಚಹಾದಂಗಡಿಯ ಎದುರು ಒಬ್ಬ ಹಿರಿಯರು ಗಾಡಿಯ ಹಣೆಯನ್ನು ಓದಿ, ನಂಬರ್ ಪ್ಲೇಟು ನೋಡಿ, ಮತ್ತೆ ಹಣೆ ನೋಡಿದರು. "ಬೋರ್ಡು ಕನ್ನಡ, ನಂಬ್ರ ತಮಿಳುನಾಡಿದ್ದು. ಇದು ಹೇಗೆ ಮಾರಾಯ್ರೇ?"

ಅಮ್ಮನೇ ಉತ್ತರ ಕೊಟ್ಟರು: "ನಾವಿದ್ದಲ್ಲೇ ಇದ್ದೀವಿ ಸ್ವಾಮಿ. ಗೆರೆ ಆ ಕಡೆಗೆ ಹೋಯ್ತು."

"ಹಾಗಾದರೆ ನಮ್ಮವರೇ ಆಯಿತಲ್ಲ" ಎಂದು ಅವರು ನಕ್ಕು ಚಹಾದ ದುಡ್ಡು ಕೊಡಲು ಬಿಡಲಿಲ್ಲ.

ಬೋವಿಕ್ಕಾನದ ಬಳಿ ರೇಡಿಯೇಟರಿನ ಮೇಲಿನ ಹೋಸು ಒಡೆಯಿತು. ವರ್ಕ್‌ಶಾಪಿನ ಮಲಯಾಳಿ ಹುಡುಗ ಇಂಥ ಎಂಜಿನ್ನನ್ನು ಕಂಡಿರಲಿಲ್ಲ. ಮನೆಗೆ ಓಡಿ ತಂದೆಯನ್ನೇ ಕರೆತಂದ. ಆತ ಒಂದು ಕಾಲದಲ್ಲಿ ಮೆಟಡೋರಿನಲ್ಲಿ ಮೀನು ಸಾಗಿಸುತ್ತಿದ್ದವರು. ಅವರ ಮಲಯಾಳ, ನನ್ನ ತಮಿಳು, ಅಮ್ಮನ ಕನ್ನಡ, ಮೂರೂ ಸೇರಿ ಒಂದು ಗಂಟೆಯಲ್ಲಿ ಹೋಸು ಕೂತಿತು. ಹೊರಡುವ ಮೊದಲು ಆ ತಂದೆ ಅನುಮತಿ ಕೇಳಿ ಡ್ರೈವರ್ ಸೀಟಿನಲ್ಲಿ ಐದು ನಿಮಿಷ ಸುಮ್ಮನೆ ಕೂತು ಇಳಿದರು.

ಮಂಜೇಶ್ವರದಲ್ಲಿ ಗೋವಿಂದ ಪೈಗಳ 'ಗಿಳಿವಿಂಡು' ನೋಡಿದೆವು. 1949ರಲ್ಲಿ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದು ಮದರಾಸು ಸರಕಾರ. ಆಗ ಸೇಲಂ ಜಿಲ್ಲೆಯ ನಮ್ಮ ಹೊಸೂರು, ದಕ್ಷಿಣ ಕನ್ನಡದ ನಿಮ್ಮ ಕಾಸರಗೋಡು ಎರಡೂ ಅದೇ ಪ್ರಾಂತದಲ್ಲಿದ್ದವು. 1956ರ ನವೆಂಬರ್ 1ರಂದು ನೀವು ಕೇರಳಕ್ಕೆ ಸೇರಿದಿರಿ, ನಾವು ಮದರಾಸಿನಲ್ಲೇ ಉಳಿದೆವು. ಒಂದೇ ಮನೆಯ ಎರಡು ಮೂಲೆಯವರು ಈಗ ಮೂರು ರಾಜ್ಯ ದಾಟಿ ಭೇಟಿಯಾಗಬೇಕು. ಮಗಳು ಅಲ್ಲಿನ ಕನ್ನಡ ಬರಹಗಳನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದಳು. ಅಜ್ಜಿಗೆ ಓದು ಬಾರದು. ಮೊಮ್ಮಗಳು ಕನ್ನಡ ಓದುವುದನ್ನು ಅವರು ಮನೆಯ ಹೊರಗೆ ಕೇಳಿದ್ದು ಅದೇ ಮೊದಲು.

ಸಮುದ್ರವನ್ನು ಬೇಕಲದಲ್ಲಿ ಕಂಡೆವು. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಚೊಂಬಿನಲ್ಲಿ ನೀರು ತಂದು ಗಾಡಿಯ ಚಕ್ರಕ್ಕೆ ಹಾಕಲು ಹೊರಟರು. "ಅಮ್ಮ, ಉಪ್ಪು ನೀರು, ತುಕ್ಕು ಹಿಡಿಯುತ್ತೆ" ಎಂದೆ. "ನಿಂತಿದ್ರೆ ತಾನೇ ಹಿಡಿಯೋದು? ಓಡ್ಸು" ಎಂದು ಹಾಕಿಯೇ ಬಿಟ್ಟರು.

ಖರ್ಚಿನ ಲೆಕ್ಕ ಬೇಕೆನ್ನುವವರಿಗೆ: ಗಾಡಿಗೆ 1,86,400 ರೂಪಾಯಿ, ಪೆಟ್ಟಿಗೆಗೆ 41,000. ಈ ದುಡ್ಡಿಗೆ ಎಷ್ಟೋ ಸಲ ಸುಖವಾಗಿ ರೈಲಿನಲ್ಲಿ ಹೋಗಿ ಬರಬಹುದಿತ್ತು ಎಂದು ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. ನಿಜ. ಆದರೆ ನಮ್ಮಂಥ ಅಂಚಿನ ಜನಕ್ಕೆ ಒಂದು ಸಂಗತಿ ತಿಳಿದಿರಬೇಕು. ಗಾಡಿಯಾಗಲಿ ಮಾತಾಗಲಿ, ಮರದ ಕೆಳಗೆ ಗೌರವದಿಂದ ನಿಲ್ಲಿಸಿ ಇಟ್ಟರೆ ಉಳಿಯುವುದಿಲ್ಲ; ಹೊರೆ ಹೊರಬೇಕು, ನಾಲ್ಕೂರು ಸುತ್ತಬೇಕು, ಒಡೆದಾಗ ಯಾರದೋ ಕೈಯಲ್ಲಿ ರಿಪೇರಿಯಾಗಬೇಕು.

ಅದಕ್ಕೇ ಊರಿಗೆ ಬಂದ ಮೇಲೆ ಪೆಟ್ಟಿಗೆಯನ್ನು ಇಳಿಸಿ ಮಂಚದ ಮೇಲಿಟ್ಟೆವು. ಗಾಡಿಯನ್ನು ತಮ್ಮನಿಗೇ ಕೊಟ್ಟಿದ್ದೇನೆ. ವಾರಕ್ಕೆರಡು ದಿನ ರಾಯಕೋಟೆಯಿಂದ ಟೊಮೆಟೊ ತುಂಬಿ ಹೊಸೂರಿಗೆ ಹಾಕುತ್ತಾನೆ. ಮೊನ್ನೆ ಫೋನು ಮಾಡಿದ್ದ: "ಅಣ್ಣ, ಅತ್ತೆ ಮಾವ ಮಾದೇಶ್ವರನ ಬೆಟ್ಟಕ್ಕೆ ಹೋಗ್ಬೇಕಂತಾವ್ರೆ. ಕಮಾನು ಎತ್ತಿಡೋಕೆ ಭಾನುವಾರ ಬರ್ತೀಯಾ?"