ಎರಡು ವರ್ಷದ ಊರು

ಬೋಟ್ಸ್ವಾನಾದ ರಾಜಧಾನಿ ಗಾಬೊರೋನೆಗೆ ಹೊಸದಾಗಿ ಬಂದಿಳಿದ ಭಾರತೀಯ ಮೊದಲ ದಿನವೇ ಒಂದು ತಪ್ಪು ಮಾಡುತ್ತಾನೆ. ಅಂಗಡಿಗೆ ಹೋಗಿ ನೇರವಾಗಿ, "ಒಂದು ಪ್ಯಾಕೆಟ್ ಹಾಲು ಕೊಡಿ" ಎನ್ನುತ್ತಾನೆ. ಅಂಗಡಿಯಾಕೆ ಹಾಲು ತೆಗೆಯುವುದಿಲ್ಲ, ಮುಖ ನೋಡುತ್ತಾಳೆ. ಆಮೇಲೆ ನಿಧಾನವಾಗಿ, "ಡುಮೇಲಾ, ರ್ರಾ" ಎನ್ನುತ್ತಾಳೆ. ಮೊದಲು ನಮಸ್ಕಾರ, ಬಳಿಕ ವ್ಯಾಪಾರ. ಗಂಡಸರಿಗೆ ‘ರ್ರಾ’, ಹೆಂಗಸರಿಗೆ ‘ಮ್ಮಾ’ ಸೇರಿಸಬೇಕು. ಅದಾದ ಮೇಲೆ "ಲೆ ಕಾಎ?" ಎಂಬ ಪ್ರಶ್ನೆ. ಹೇಗಿದ್ದೀರಿ ಎಂಬುದು ಅದರ ಇಂಗಿತ, ಶಬ್ದಾರ್ಥ ಮಾತ್ರ ‘ಎಲ್ಲಿದ್ದೀರಿ?’. ಉತ್ತರ "ರೆ ತೆಂಗ್", ಅಂದರೆ ‘ಇಲ್ಲಿದ್ದೇವೆ’.

ಎಷ್ಟು ದಿನ ಇಲ್ಲಿರುತ್ತೇವೆ ಎಂಬುದು ಮಾತ್ರ ಹೊರನಾಡಿಗರ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಕೆಲಸದ ಒಪ್ಪಂದ ಸಾಮಾನ್ಯವಾಗಿ ಎರಡು ವರ್ಷದ್ದು. ಅವಧಿ ಮುಗಿದಾಗ ಒಂದು ಇಡಿಗಂಟು ಕೈಗೆ ಬರುತ್ತದೆ. ಜೊತೆಗೆ ನವೀಕರಣದ ಪತ್ರ ಬರಬಹುದು, ಬಾರದೆಯೂ ಇರಬಹುದು.

ದಕ್ಷಿಣ ಆಫ್ರಿಕಾ ದೇಶದ ಬಡಗಣ ಅಂಚಿಗೆ ಹೊಂದಿರುವ ಈ ನಾಡಿನ ವಿಸ್ತಾರ ಮೂರು ಕರ್ನಾಟಕದಷ್ಟು. 2022ರ ಜನಗಣತಿಯಂತೆ ಜನಸಂಖ್ಯೆ 25 ಲಕ್ಷವೂ ಇಲ್ಲ. ನೆಲದ ಬಹುಪಾಲು ಕಲಹರಿ ಮರುಭೂಮಿ. 1966ರಲ್ಲಿ ಸ್ವತಂತ್ರವಾದಾಗ ಅಲ್ಲಿದ್ದ ಪದವೀಧರರು ಬೆರಳೆಣಿಕೆಯಷ್ಟು. ಮರುವರ್ಷ ಒರಾಪಾದಲ್ಲಿ ವಜ್ರದ ನಿಕ್ಷೇಪ ಸಿಕ್ಕಿತು. ಆ ಹಣದಿಂದ ಶಾಲೆ, ಆಸ್ಪತ್ರೆಗಳನ್ನು ಕಟ್ಟಿದರು. ಕಟ್ಟಡ ಎದ್ದಷ್ಟು ಬೇಗ ಮೇಷ್ಟರು, ವೈದ್ಯರು ತಯಾರಾಗುತ್ತಾರೆಯೇ? ಹೊರಗಿನಿಂದ ಕರೆಸಿಕೊಂಡರು. ಗಣಿತ, ವಿಜ್ಞಾನ ಕಲಿಸಲು ಭಾರತದಿಂದ ಹೋದವರೂ ಅವರಲ್ಲಿದ್ದರು. ಸ್ಥಳೀಯರು ಓದಿ ಮುಂದೆ ಬಂದಂತೆ ಆ ಹುದ್ದೆಗಳು ಅವರ ಪಾಲಾದುವು, ಅದು ನ್ಯಾಯವೇ. 2024ರಲ್ಲಿ ವಜ್ರದ ಬೇಡಿಕೆ ಕುಸಿದಾಗ ದೇಶದ ಆರ್ಥಿಕತೆಯೇ ಕುಗ್ಗಿತು. ಅಂಥ ವರ್ಷದಲ್ಲಿ ಒಪ್ಪಂದದ ಮೇಲೆ ಬಂದವನಿಗೆ ಒಳ್ಳೆಯ ನಿದ್ದೆ ಎಲ್ಲಿಂದ ಬರಬೇಕು?

ಊಟದ ವಿಷಯದಲ್ಲಿ ಮಾತ್ರ ಕನ್ನಡದ ಗೃಹಿಣಿಗೆ ಒಂದು ಅಚ್ಚರಿ ಕಾದಿರುತ್ತದೆ. ಅಲ್ಲಿನವರು ‘ಮಬೆಲೆ’ ಎನ್ನುವುದು ನಮ್ಮ ಜೋಳವನ್ನೇ. ಅದರ ಗಂಜಿಗೆ ‘ಬೊಗೊಬೆ’, ಹುಳಿ ಬರಿಸಿದ್ದಕ್ಕೆ ‘ಟಿಂಗ್’ ಎಂಬ ಹೆಸರು. ಅಂಬಲಿ ಕುಡಿದು ಬೆಳೆದವರಿಗೆ ಪರಿಚಯ ಹೇಳಬೇಕಾಗಿಲ್ಲ. ‘ದಿನಾವಾ’ ಎಂದರೆ ಅಲಸಂದೆ. ಅದರ ಎಲೆಯನ್ನೂ ಸೊಪ್ಪಿನಂತೆ ಬೇಯಿಸುತ್ತಾರೆ. ಜೋಳ, ಅಲಸಂದೆಗಳೆರಡೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಭಾರತಕ್ಕೆ ಬಂದ ಬೆಳೆಗಳು. ಅಂಗಡಿಯ ಮಬೆಲೆ ಹಿಟ್ಟು ತುಸು ತರಿ, ರೊಟ್ಟಿ ತಟ್ಟಿದರೆ ಅಂಚು ಸೀಳುತ್ತದೆ. ಪಕ್ಕದಲ್ಲೇ ಮಾರಾಟಕ್ಕಿಟ್ಟ ‘ಫಾನೆ’ ಎಂಬ ಒಣಗಿಸಿದ ಕಂಬಳಿಹುಳುವನ್ನು ನೋಡಿ ಬೆಚ್ಚಿಬಿದ್ದವರು ಎರಡನೆಯ ವರ್ಷ ಅದನ್ನು ಗಮನಿಸುವುದೇ ಇಲ್ಲ.

ನೀರಿನ ಪಾಠವನ್ನೂ ಅಲ್ಲಿ ಹೊಸದಾಗಿ ಕಲಿಯಬೇಕು. 1976ರಿಂದ ಚಲಾವಣೆಯಲ್ಲಿರುವ ಅಲ್ಲಿನ ಹಣದ ಹೆಸರು ‘ಪುಲಾ’, ಅಂದರೆ ಮಳೆ. ಸಭೆಯಲ್ಲಿ ಜಯಕಾರ ಹಾಕುವುದೂ "ಪುಲಾ!" ಎಂದೇ. 2015ರಲ್ಲಿ ಗಾಬೊರೋನೆಯ ಜಲಾಶಯ ಬತ್ತಿ ನಗರ ಬಕೆಟ್ಟುಗಳನ್ನು ಸಾಲಾಗಿಟ್ಟುಕೊಂಡು ಬದುಕಿತು; 2017ರ ಫೆಬ್ರುವರಿಯಲ್ಲಿ ಅದೇ ಜಲಾಶಯ ತುಂಬಿ ಹರಿಯಿತು.

ಆದರೆ ಹೊರನಾಡಿನ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ನಡೆಯುವ ಮಾತು ನೀರಿನದಲ್ಲ, ಮಕ್ಕಳ ಓದಿನದು. ಅಲ್ಲಿ ಶಾಲೆ ಜನವರಿಯಲ್ಲಿ ಶುರುವಾಗಿ ವರ್ಷದ ಕೊನೆಗೆ ಮುಗಿಯುತ್ತದೆ, ನಮ್ಮಲ್ಲಿ ಜೂನ್. ನಡುವೆ ಊರಿಗೆ ಬಂದು ಸೇರಿದ ಮಗುವಿಗೆ ಒಂದೋ ಅರ್ಧ ವರ್ಷ ನಷ್ಟ, ಇಲ್ಲವೇ ಅರ್ಧ ಪಾಠ ನಷ್ಟ. ಕೇಂಬ್ರಿಜ್‌ನ ಐ.ಜಿ.ಸಿ.ಎಸ್.ಇ. ಪರೀಕ್ಷೆ ಭಾರತದಲ್ಲಿ ಹತ್ತನೆಯ ತರಗತಿಗೆ ಸಮ. ಪಿಯುಸಿಗೆ ಸಮನಾಗಲು ‘ಎ ಲೆವೆಲ್’ ಮುಗಿಸಬೇಕು. ಇದನ್ನು ಮೊದಲೇ ವಿಚಾರಿಸದೆ ಹೋದ ಪಾಲಕರು ಕೊನೆಯ ಘಳಿಗೆಯಲ್ಲಿ ಪತ್ರ ಹಿಡಿದು ಅಲೆಯುತ್ತಾರೆ. ಕೆಲವರು ಹದಿನೈದರ ಮಗಳನ್ನು ಅಜ್ಜಿಯ ಮನೆಗೋ ಹಾಸ್ಟೆಲಿಗೋ ಕಳಿಸಿ ತಾವಿಬ್ಬರೇ ಉಳಿಯುತ್ತಾರೆ. ಆ ಎರಡು ವರ್ಷದ ಗಳಿಕೆಯ ಲೆಕ್ಕದಲ್ಲಿ ಇದನ್ನು ಯಾವ ಕಡೆ ಬರೆಯಬೇಕೋ, ಬ್ಯಾಂಕಿನವರು ಹೇಳುವುದಿಲ್ಲ.

ಅದಕ್ಕೇ ಇರಬೇಕು, ರಜೆ ಬಂತೆಂದರೆ ಕಾರು ಹೊರಡಿಸಿಬಿಡುತ್ತಾರೆ. ಬಡಗಣ ತುದಿಯ ಕಸಾನೆಗೆ 900 ಕಿಲೋಮೀಟರಿಗೂ ಹೆಚ್ಚು. ಆಗಸ್ಟ್ ರಜೆಯೇ ಒಳ್ಳೆಯದು. ಒಣ ಹವೆಯಾದ್ದರಿಂದ ಚೋಬೆ ನದಿಯ ದಡಕ್ಕೆ ಆನೆಗಳು ಹಿಂಡುಹಿಂಡಾಗಿ ನೀರಿಗೆ ಬರುತ್ತವೆ. ಜಗತ್ತಿನಲ್ಲಿ ಅತಿ ಹೆಚ್ಚು ಆನೆಗಳಿರುವ ದೇಶ ಅದು, ಸುಮಾರು 1,30,000. ದಾರಿಯ ನಿಯಮ ಒಂದೇ: ಸೂರ್ಯ ಮುಳುಗುವ ಮೊದಲು ಊರು ಸೇರಬೇಕು. ಕತ್ತಲಾದ ಮೇಲೆ ಕತ್ತೆ, ದನ ರಸ್ತೆಯ ನಡುವೆಯೇ ನಿಂತಿರುತ್ತವೆ. ಮಹಾಲಾಪ್ಯೆಗೆ ಮೊದಲು ಮಕರ ಸಂಕ್ರಾಂತಿ ವೃತ್ತದ ಫಲಕ ಸಿಗುತ್ತದೆ. ಭೂಗೋಳದ ಪುಸ್ತಕದ ಚುಕ್ಕೆಗೆರೆಯನ್ನು ಮಕ್ಕಳು ಕಾಲಿನಿಂದ ದಾಟುತ್ತಾರೆ.

ಅದೇ ದಾರಿಯ ದಿಬೆಟೆಯಲ್ಲಿ ಪಶುರೋಗ ತಡೆಯುವ ಬೇಲಿಯೊಂದಿದೆ. ಮರಳುವಾಗ ಎಲ್ಲರೂ ಕಾರಿನಿಂದಿಳಿದು ಔಷಧದಲ್ಲಿ ಅದ್ದಿದ ಚಾಪೆಯ ಮೇಲೆ ಚಪ್ಪಲಿ ಒರೆಸಬೇಕು. ಹಸಿ ಮಾಂಸವನ್ನು ಮುಂದೆ ಬಿಡುವುದಿಲ್ಲ; ಡಬ್ಬಿ ತೆಗೆಸಿದ ಕಾವಲುಗಾರನಿಗೆ ಉಳಿದ ಚಿತ್ರಾನ್ನ ಕಂಡರೆ ನಗು. ಯುರೋಪಿಗೆ ಹೋಗುವ ಗೋಮಾಂಸಕ್ಕೆ ಕಾಲುಬಾಯಿ ಜ್ವರದ ಸೋಂಕು ತಗಲಬಾರದೆಂದು ಈ ವ್ಯವಸ್ಥೆ. ಇಂಥ ಬೇಲಿಗಳು ಅಡ್ಡವಾಗಿ 1980ರ ದಶಕದ ಬರದಲ್ಲಿ ನೀರು ಹುಡುಕಿ ಹೊರಟ ಸಾವಿರಾರು ವಿಲ್ಡೆಬೀಸ್ಟ್‌ಗಳು ಸತ್ತವು ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಒಪ್ಪಂದ ಮುಗಿದಾಗ ಸೂಪರ್ ಮಾರ್ಕೆಟ್ಟಿನ ಫಲಕದ ಮೇಲೆ ಒಂದು ಚೀಟಿ ಏಳುತ್ತದೆ: ಕಾರು, ಫ್ರಿಜ್, ಮಂಚ ಮಾರಾಟಕ್ಕಿವೆ. ವಿಮಾನದ ತೂಕಕ್ಕೆ ಹೆದರಿ ದೋಸೆಯ ಗ್ರೈಂಡರನ್ನೂ ಬಿಟ್ಟು ಹೋಗುತ್ತಾರೆ. ಮುಂದಿನ ಕುಟುಂಬ ಕೊಂಡುಕೊಳ್ಳುತ್ತದೆ. ಸೆತ್ಸ್ವಾನಾ ಭಾಷೆಯಲ್ಲಿ ಬೀಳ್ಕೊಡುವ ಮಾತು ಎರಡು. ಉಳಿಯುವವರು ಹೊರಟವರಿಗೆ "ತ್ಸಮಾಯಾ ಸೆಂತ್ಲೆ" ಎನ್ನುತ್ತಾರೆ, ಚೆನ್ನಾಗಿ ಹೋಗಿ ಬಾ ಎಂದು. ಹೊರಟವರು "ಸಾಲಾ ಸೆಂತ್ಲೆ" ಎನ್ನಬೇಕು, ಚೆನ್ನಾಗಿರು ಎಂದು. ಪ್ರತಿ ವರ್ಷ ಹೊರಡುವ ಗೆಳೆಯರಿಗೆ ಮೊದಲನೆಯದನ್ನೇ ಹೇಳಿ ರೂಢಿಯಾದ ಮಕ್ಕಳು ತಮ್ಮ ಸರದಿ ಬಂದ ದಿನವೂ ಗೇಟಿನ ಬಳಿ ಅದನ್ನೇ ಹೇಳಿಬಿಡುವುದುಂಟು. ಪಕ್ಕದ ಮನೆಯ ಅಜ್ಜಿ ತಿದ್ದುತ್ತಾಳೆ.