ಕರಿಕೆಯ ಅಟ್ಟದಿಂದ ಮಗಳ ಕೋಣೆಗೆ

ಭಾಗಮಂಡಲದ ತನಕ ಎಲ್ಲರೂ ಬರ್ತಾರೆ. ಸಂಗಮದಲ್ಲಿ ಕಾಲು ತೊಳೆದು, ತಲಕಾವೇರಿಗೆ ಹೋಗಿ, ಫೋಟೊ ತೆಗೆದು ಮಡಿಕೇರಿಗೆ ವಾಪಸ್. ಅಲ್ಲಿಂದ ಕರಿಕೆ ಕಡೆಗೆ ತಿರುಗುವವರು ಒಂದೋ ಊರಿನವರು, ಇಲ್ಲಾ ಕೇರಳಕ್ಕೆ ಹೋಗುವವರು. 30 ಕಿ.ಮೀ. ಆಸುಪಾಸಿನ ದಾರಿ. ಕಾಡು, ತಿರುವು, ಮತ್ತೆ ಕಾಡು. ಮೊಬೈಲ್ ಸಿಗ್ನಲ್ ಎಲ್ಲೋ ಮಧ್ಯದಲ್ಲಿ ಕೈಕೊಡುತ್ತದೆ. ಮಳೆಗಾಲದಲ್ಲಾದರೆ ಗುಡ್ಡ ಜರಿದಿದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೊರಡಬೇಕು. ಘಾಟಿ ಇಳಿಯುತ್ತ ಹೋದಂತೆ ಕಾಫಿ ತೋಟ ಹಿಂದೆ ಉಳಿದು ಅಡಿಕೆ, ತೆಂಗು, ರಬ್ಬರ್ ಶುರುವಾಗುತ್ತೆ. ಕೊಡಗು ಅಂದರೆ ಚಳಿ ಅಂದುಕೊಂಡವರು ಇಲ್ಲಿ ಸ್ವೆಟರ್ ಬಿಚ್ಚಬೇಕು. ಗಡಿ ದಾಟಿದರೆ ಕಾಸರಗೋಡು ಜಿಲ್ಲೆಯ ಪಾಣತ್ತೂರು. ಅಂಗಡಿ ಮುಂದೆ ನಿಂತರೆ ಕನ್ನಡ, ಅರೆಭಾಷೆ, ಮಲಯಾಳಂ ಮೂರೂ ಕಿವಿಗೆ ಬೀಳುತ್ತವೆ.

ಇದು ನನ್ನ ಗಂಡನ ಊರು. ಕಳೆದ ಡಿಸೆಂಬರ್‌ನಲ್ಲಿ ಐದು ತಿಂಗಳ ಮಗಳನ್ನು ಕಟ್ಟಿಕೊಂಡು ನಾವು ಹೋಗಿದ್ದು ರಜೆಗಲ್ಲ, ಅಟ್ಟ ಜಾಲಾಡೋಕೆ. ಬೆಂಗಳೂರಿನ ಫ್ಲ್ಯಾಟಿನ ಎರಡನೇ ರೂಮನ್ನು ಮಗಳ ಕೋಣೆ ಮಾಡಬೇಕಿತ್ತು. ಆನ್‌ಲೈನಲ್ಲಿ ಬೆಲೆ ನೋಡಿ ಸುಸ್ತಾದ ಮೇಲೆ, 'ಊರಲ್ಲಿ ಹಳೆ ಸಾಮಾನು ಬೇಕಾದಷ್ಟು ಉಂಟಲ್ಲ' ಅಂದರು ನಮ್ಮನೆಯವರು. ನನಗೂ ಹಳೆಯದರ ಹುಚ್ಚಿದೆ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ, ತಮಿಳುನಾಡಿನ ಕಾರೈಕುಡಿಯಲ್ಲಿ ಹಳೇ ಮರದ ಸಾಮಾನಿನ ಅಂಗಡಿ ಕಂಡರೆ ಕಾಲು ತಾನಾಗಿ ಒಳಗೆ ಹೋಗುತ್ತೆ. ಅಲ್ಲಿ ಸಾವಿರಗಟ್ಟಲೆ ಕೊಟ್ಟು ತರುವ ಬದಲು ಮನೆಯದೇ ಇದ್ದರೆ ಯಾಕೆ ಬಿಡಬೇಕು?

ಅಟ್ಟದಿಂದ ಇಳಿದದ್ದು ಮೂರು. ಹಲಸಿನ ಮರದ ದೊಡ್ಡ ಪೆಟ್ಟಿಗೆ, ನಮ್ಮನೆಯವರು ಶಾಲೆಗೆ ಹೋಗುವಾಗ ಓದುತ್ತಿದ್ದ ಕುಳ್ಳ ಮೇಜು, ಮತ್ತೆ ತೊಟ್ಟಿಲು.

ತೊಟ್ಟಿಲು ನೋಡಿದ ತಕ್ಷಣ ನಾನು ಬಿದ್ದೆ. ಧಾರವಾಡ ಜಿಲ್ಲೆಯ ಕಲಘಟಗಿ ತೊಟ್ಟಿಲಿನ ಹಾಗೆ ಚಿತ್ರ, ಸಿಂಗಾರ ಏನೂ ಇಲ್ಲ. ಸುತ್ತ ಕಡೆದ ಕಂಬಿಗಳು, ತೊಲೆಗೆ ನೇತುಹಾಕಲು ಕಬ್ಬಿಣದ ಸರಪಳಿ, ಮೇಲೆ ಯಾವಾಗಲೋ ಬಳಿದ ಹಸಿರು ಪೇಂಟು. ಮಾವನ ಅಪ್ಪ ಮಾಡಿಸಿದ್ದಂತೆ. ಅಂದರೆ 70 ವರ್ಷ ಆಗಿರಬಹುದು. ಆ್ಯಂಟಿಕ್ ಅನ್ನೋಕೆ 100 ವರ್ಷ ಆಗಿರಬೇಕು ಅಂತಾರೆ. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾನೂನೂ ಹೆಚ್ಚಿನ ವಸ್ತುಗಳಿಗೆ ಅದೇ ಲೆಕ್ಕ ಹಿಡಿಯುತ್ತೆ. ಹಾಗಾಗಿ ನಮ್ಮದು ವಿಂಟೇಜ್. ನಮ್ಮನೆಯವರ ಮೇಜು ವಿಂಟೇಜೂ ಅಲ್ಲ, ಹಳೇದು ಅಷ್ಟೆ. ಆದರೆ ಈ ಹೆಸರುಗಳೆಲ್ಲ ಅಂಗಡಿಯವನಿಗೆ ಬೆಲೆ ಹೇಳೋಕೆ. ಮಗು ಮಲಗುವ ಜಾಗಕ್ಕೆ ಬೇರೆಯದೇ ಅಳತೆ ಬೇಕು ಅಂತ ನನಗೆ ಗೊತ್ತಾಗಿದ್ದು ಅರ್ಧ ಗಂಟೆ ಬಿಟ್ಟು.

ಮೊದಲು ಪೇಂಟ್ ವಿಷಯ. ನಮ್ಮಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರಲ್ಲಿ. ಅದಕ್ಕೂ ಮೊದಲಿನ ಎನಾಮೆಲ್ ಬಣ್ಣದಲ್ಲಿ ಎಷ್ಟು ಸೀಸ ಇತ್ತೋ ಯಾರಿಗೆ ಗೊತ್ತು. ಹಲ್ಲು ಬರುವ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತೆ. ಸೀಸ ಹೋಗಿ ಕೂರೋದು ಮಿದುಳಿನ ಬೆಳವಣಿಗೆಯ ಮೇಲೆ. 'ಉಜ್ಜಿ ತೆಗೆದರಾಯ್ತಲ್ಲ' ಅಂತ ನಮ್ಮನೆಯವರು ಸ್ಯಾಂಡ್‌ಪೇಪರ್ ಹುಡುಕೋಕೆ ಹೊರಟರು. ದಯವಿಟ್ಟು ಈ ಕೆಲಸ ಮಾತ್ರ ಮಾಡಬೇಡಿ. ಒಣಗಿದ ಪೇಂಟನ್ನು ಉಜ್ಜಿದರೆ ಸೀಸವೆಲ್ಲ ಧೂಳಾಗಿ ಮನೆ ತುಂಬುತ್ತೆ. ಕಚ್ಚುವ ಮಗುವಿಗಿಂತ ಉಸಿರಾಡುವ ಮಗುವಿಗೆ ಅದು ಇನ್ನೂ ಸುಲಭವಾಗಿ ಸಿಗುತ್ತೆ.

ಆಮೇಲೆ ಟೇಪ್ ಹಿಡಿದು ಕಂಬಿಗಳ ನಡುವಿನ ಸಂದು ಅಳೆದೆ. 9 ಸೆಂ.ಮೀ. ಅಮೆರಿಕದಲ್ಲಿ ಮಗುವಿನ ಮಂಚಕ್ಕೆ ಈ ಸಂದು ಸುಮಾರು 6 ಸೆಂ.ಮೀ. ದಾಟಬಾರದು ಅನ್ನುವ ನಿಯಮ 1970ರ ದಶಕದಿಂದಲೇ ಇದೆ. ಕಾರಣ ಸರಳ. ಸಣ್ಣ ಮಗುವಿನ ಸೊಂಟಕ್ಕಿಂತ ತಲೆ ದೊಡ್ಡದು. ಕಾಲು ಮೊದಲು ಜಾರಿದರೆ ಮೈ ಹೊರಗೆ ಹೋಗುತ್ತೆ, ತಲೆ ಸಿಕ್ಕಿಕೊಳ್ಳುತ್ತೆ.

ಇದನ್ನು ಹೇಳಿದೆ. ಅತ್ತೆಗೆ ಬೇಜಾರಾಯ್ತು ಅಂತ ಮುಖದಲ್ಲೇ ಕಂಡಿತು. 'ಇದರಲ್ಲಿ ಮಲಗಿದವರೆಲ್ಲ ಬದುಕಿಲ್ವಾ?' ಅಂತ ಮಾವ ಕೇಳಿದರು. ಈ ಪ್ರಶ್ನೆಗೆ ಉತ್ತರ ಇಲ್ಲ, ನಿಮ್ಮ ಮನೆಯಲ್ಲೂ ಕೇಳಿರ್ತಾರೆ. ನಾನು ಸುಮ್ಮನಾದೆ. ಅಷ್ಟರಲ್ಲಿ ಕಣ್ಣಿಗೆ ಬಿದ್ದದ್ದು ಒಂದು ಕಂಬಿ. ಬೇರೆಲ್ಲ ದುಂಡಗೆ ಕಡೆದವು, ಇದೊಂದು ಮಾತ್ರ ಚೌಕ. ಮರವೂ ಬೇರೆ. 'ಇದ್ಯಾಕೆ ಹೀಗೆ?' ಅಂದೆ. ಯಾರೂ ಮಾತಾಡಲಿಲ್ಲ. ಮಾವ ಎದ್ದು ಅಡಿಕೆ ಅಂಗಳಕ್ಕೆ ಹೋದರು.

ರಾತ್ರಿ ಪಾತ್ರೆ ತೊಳೆಯುವಾಗ ಅತ್ತೆ ತಾವಾಗಿಯೇ ಬಾಯಿಬಿಟ್ಟರು. 'ಅದು ನಿನ್ನ ನಾದಿನಿಯ ಕಂಬಿ.' ನಾದಿನಿಗೆ ಆಗ ಏಳು ತಿಂಗಳು. ಜುಲೈ ಮಳೆ, ಕರೆಂಟಿಲ್ಲ. ಮಗು ಅಳುವುದು ಕೇಳಿತಂತೆ, ಆಮೇಲೆ ಅಳುವುದು ನಿಂತಿತಂತೆ. ನಿಂತದ್ದಕ್ಕೇ ಎದ್ದು ಹೋದದ್ದು. ಚಿಮಣಿ ದೀಪ ಹಿಡಿದು ನೋಡಿದರೆ ಮೈ ಹೊರಗೆ, ತಲೆ ಒಳಗೆ. ಮಾವ ಗರಗಸ ತಂದು ಕಂಬಿ ಕೊಯ್ದರು. ಇವರು ಅಷ್ಟು ಹೊತ್ತೂ ಮಗುವನ್ನು ಕೆಳಗಿನಿಂದ ಎತ್ತಿ ಹಿಡಿದಿದ್ದರು. ಮರುದಿನ ಮಾವನೇ ತುಂಡು ಮರ ಕೆತ್ತಿ ಕೂರಿಸಿದ್ದು. 'ಆಮೇಲೆ ನಿನ್ನ ಗಂಡನನ್ನೂ ಅದರಲ್ಲೇ ಮಲಗಿಸಿದೆ. ಬೇರೆ ಎಲ್ಲಿತ್ತು? ಸುತ್ತ ಕಂಬಳಿ ಕಟ್ಟಿದೆ. ಆದರೆ ಅವ ದೊಡ್ಡವ ಆಗುವ ತನಕ ನಂಗೆ ನಿದ್ದೆ ಇಲ್ಲ.' ಸ್ವಲ್ಪ ಹೊತ್ತು ಬಿಟ್ಟು, 'ಅವನಿಗೆ ಇದು ಗೊತ್ತಿಲ್ಲ,' ಅಂದರು. ಈಗ ಗೊತ್ತು. ಕೇಳಿಯೇ ಬರೆಯುತ್ತಿದ್ದೇನೆ.

(ಹಾಗೆ ಸುತ್ತ ಬಟ್ಟೆ, ದಿಂಬು ಕಟ್ಟುವುದೂ ಒಳ್ಳೆಯದಲ್ಲ, ಮೂಗಿಗೆ ಅಡ್ಡ ಬರುತ್ತೆ ಅಂತ ಮಕ್ಕಳ ಡಾಕ್ಟರು ಹೇಳ್ತಾರೆ. ಅತ್ತೆಗೆ ಅದನ್ನು ಆವತ್ತು ಹೇಳಲಿಲ್ಲ.)

ಬೆಳಗ್ಗೆ ತೀರ್ಮಾನ ಸುಲಭವಾಯ್ತು. ತೊಟ್ಟಿಲು ಕರಿಕೆಯಲ್ಲೇ ಇರುತ್ತೆ. ಪೆಟ್ಟಿಗೆ, ಮೇಜು ಬರುತ್ತವೆ.

ಪೆಟ್ಟಿಗೆಗೆ ಬಣ್ಣ ಇಲ್ಲ, ಬರೀ ಮರ. ತಳದಲ್ಲಿ ಹಿಟ್ಟಿನಂಥ ಪುಡಿ ಉದುರಿದೆಯಾ ನೋಡಿದೆವು. ಉದುರಿದ್ದರೆ ಕುಟ್ಟೆ ಹುಳ ಇನ್ನೂ ಒಳಗಿದೆ ಅಂತ, ಮನೆಗೆ ತಂದರೆ ಬೇರೆ ಮರಕ್ಕೂ ಹತ್ತುತ್ತೆ. ಇರಲಿಲ್ಲ. ಆದರೆ ಮುಚ್ಚಳ ಎತ್ತೋಕೆ ನನಗೇ ಎರಡು ಕೈ ಬೇಕು. ಬೆರಳ ಮೇಲೆ ಬಿದ್ದರೆ ಒಂದು ಕಥೆ. ಕಣ್ಣಾಮುಚ್ಚಾಲೆ ಆಡುತ್ತ ಒಳಗೆ ಕೂತು ಕೊಂಡಿ ಬಿದ್ದರೆ ಇನ್ನೊಂದು. ಊರಿನ ಆಚಾರಿಯನ್ನು ಕರೆಸಿ ಮುಚ್ಚಳವನ್ನೇ ತೆಗೆಸಿದೆವು. ಹಳೆ ಸಾಮಾನಿನ ಪ್ರಿಯರು ಬೈಯಬಹುದು, ಬೆಲೆ ಹೋಯ್ತು ಅಂತ. ಹೋಗಲಿ. ಆ ಮುಚ್ಚಳ ಈಗ ಅತ್ತೆಯ ಅಡುಗೆಮನೆಯಲ್ಲಿ ಶೆಲ್ಫ್.

ಮೇಜನ್ನು ಹಾಗೇ ಕಾರಿಗೆ ಹಾಕಿದೆವು. ಅಲ್ಲೊಂದು ತಪ್ಪಾಯ್ತು. ಕರಿಕೆಯ ತೇವದಲ್ಲಿ ಇಷ್ಟು ವರ್ಷ ಇದ್ದ ಮರ ಬೆಂಗಳೂರಿನ ಒಣ ಗಾಳಿಗೆ ಕುಗ್ಗುತ್ತೆ. ಮಾರ್ಚ್ ಹೊತ್ತಿಗೆ ಕಾಲುಗಳು ಲಟಲಟ. ಬೆಣೆ ಬಿಗಿ ಮಾಡಿಸಿದ ಮೇಲೆ ಗಟ್ಟಿಯಾಯ್ತು. ನೀವು ತರುವುದಾದರೆ ಎರಡು ಮೂರು ತಿಂಗಳು ಬಿಟ್ಟು ರಿಪೇರಿ ಮಾಡಿಸಿ, ಮಗುವನ್ನು ಆಮೇಲೆ ಕೂರಿಸಿ.

ಮಂಚ ಮಾತ್ರ ಹೊಸತು ಕೊಂಡೆವು. ತಮಾಷೆ ಅಂದರೆ ಅದು ರಬ್ಬರ್ ಮರದ್ದು. ಕರಿಕೆಯಲ್ಲಿ ಮನೆ ಹಿಂದೆಯೇ ರಬ್ಬರ್. 25-30 ವರ್ಷ ಆಗಿ ಹಾಲು ಕಮ್ಮಿಯಾದ ಮೇಲೆ ಕಡಿದು ಲಾರಿಗೆ ಹಾಕ್ತಾರೆ. ಮೊದಲೆಲ್ಲ ಅದು ಸೌದೆ. ಕಡಿದ ಕೆಲವೇ ದಿನದಲ್ಲಿ ಬೂಷ್ಟು, ಹುಳ ಹಿಡಿಯುವ ಮರ. ಬೋರಾಕ್ಸ್ ದ್ರಾವಣ ಕುಡಿಸಿ, ಗೂಡಿನಲ್ಲಿ ಒಣಗಿಸುವುದು ಗೊತ್ತಾದ ಮೇಲೆ ಅದಕ್ಕೆ ಬೆಲೆ ಬಂತು. ಬಿಳಿಚು ಬಣ್ಣ, ನಯವಾದ ಮೈ. ಫೋನ್‌ನಲ್ಲಿ ಫೋಟೊ ತೋರಿಸಿದಾಗ ಅತ್ತೆ ಕೇಳಿದ್ದು ಒಂದೇ: 'ನಮ್ಮ ರಬ್ಬರಿಗೆ ಇಷ್ಟು ರೇಟಾ?'

ಹೊಸತು ಅಂದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬಬೇಡಿ. ಅಗ್ಗದ ಬೋರ್ಡಿನ ವಾರ್ಡ್‌ರೋಬ್ ಒಂದನ್ನೂ ತರಿಸಿದ್ದೆವು. ಅಂಟಿನ ವಾಸನೆ ಕಣ್ಣು ಉರಿಸುವಷ್ಟು. ಎರಡು ವಾರ ಬಾಲ್ಕನಿಯಲ್ಲಿ ಬಾಗಿಲು ತೆರೆದಿಟ್ಟೆವು. ಮೇಲೆ ಅದು ಹಗುರ. ಮಗು ಡ್ರಾಯರ್ ಎಳೆದು ಅದರ ಮೇಲೆ ಹತ್ತಿದರೆ ಇಡೀ ಬೀರು ಮುಂದಕ್ಕೆ ಬರುತ್ತೆ. 'ಎಲ್' ಆಕಾರದ ಎರಡು ಪಟ್ಟಿ ಹಾಕಿ ಗೋಡೆಗೆ ಬಿಗಿಯಲು ಡ್ರಿಲ್ಲಿನವನಿಗೆ ಕೊಟ್ಟದ್ದು 300 ರೂಪಾಯಿ. ಬಾಡಿಗೆ ಮನೆಯಲ್ಲಿದ್ದರೆ ಓನರ್ ಹತ್ತಿರ ಜಗಳ ಮಾಡಿಯಾದರೂ ಇದನ್ನು ಮಾಡಿಸಿ.

ಯುಗಾದಿಗೆ ಅತ್ತೆ ಬಂದರು. ಚೀಲದಲ್ಲಿ ಹಲಸಿನ ಹಪ್ಪಳ, ಕಾಡುಜೇನು. ಮೊಮ್ಮಗಳನ್ನು ಎತ್ತಿಕೊಂಡು ನೇರ ಕೋಣೆಗೆ ಹೋದರು. ಮೇಜು ಅಲ್ಲಾಡಿಸಿ ನೋಡಿದರು. ಪೆಟ್ಟಿಗೆಯಲ್ಲಿ ತುಂಬಿದ್ದ ಚನ್ನಪಟ್ಟಣದ ಗೊಂಬೆ, ಬಟ್ಟೆಯ ಆನೆ ನೋಡಿ ನಕ್ಕರು. ಆಮೇಲೆ ಮಂಚದ ಹತ್ತಿರ ನಿಂತು, ಮಗುವನ್ನು ನನ್ನ ಕೈಗೆ ಕೊಟ್ಟು, ಮುಷ್ಟಿ ಕಟ್ಟಿ ಎರಡು ಕಂಬಿಗಳ ನಡುವೆ ತಳ್ಳಿದರು. ಹೋಗಲಿಲ್ಲ. ಪಕ್ಕದ ಸಂದಿಗೂ ತಳ್ಳಿದರು. ಹಾಗೇ ಒಂದೊಂದಾಗಿ ನಾಲ್ಕೂ ಸುತ್ತ ಬಂದರು.

ಆವತ್ತು ಮಧ್ಯಾಹ್ನ ಅದೇ ಕೋಣೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಎರಡು ಗಂಟೆ ಗೊರಕೆ ಹೊಡೆದರು.